ಬಣ್ಣ ಆಮೇಲೆ ಹೊಡೆಸೋಣ

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ಬಿದ್ದಿತ್ತು. ನನ್ನ ಹತ್ರ ಇದ್ದದ್ದು 25,000 ರೂಪಾಯಿ. "ಚಾಸಿ ಕತ್ತರಿಸಿ ಕೆಫೆ ರೇಸರ್ ಮಾಡಿಸೋ" ಅಂದ್ರು ಗೆಳೆಯರು. ನಾನು ಒಪ್ಪಲಿಲ್ಲ.

ದುಡ್ಡು ಕಮ್ಮಿ ಇದ್ರೆ ಮೊದಲು ಎಂಜಿನ್ ಬಿಚ್ಚಬೇಕು ಅನ್ನೋದು ನನ್ನ ವಾದ. ಟೂ ಸ್ಟ್ರೋಕ್ ಗಾಡಿ ನೋಡಿ.. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಎಳೆದುಕೊಳ್ಳುತ್ತೆ, ಎಂಜಿನ್ ಕಾಯುತ್ತೆ, ಪಿಸ್ಟನ್ ಹಿಡಿದುಕೊಳ್ಳುತ್ತೆ. ಆಮೇಲೆ ಮ್ಯಾಟ್ ಬ್ಲ್ಯಾಕ್ ಟ್ಯಾಂಕ್ ಇಟ್ಕೊಂಡು ಪೂಜೆ ಮಾಡೋದಾ? ಸೀಲ್, ಬೇರಿಂಗ್, ಬೋರ್, ವೈರಿಂಗಿಗೇ ದುಡ್ಡು ಖಾಲಿ.

ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಕತ್ತರಿಸಿದ ಚಾಸಿ ಮತ್ತೆ ಸಿಗಲ್ಲ. ಗೇರ್ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯೋ ಮಜಾ ಬೇರೆ ಎಲ್ಲಿದೆ ಹೇಳಿ :) ನಾನು ಬದಲಿಸಿದ್ದು ಸೀಟೊಂದೇ, ಅಮ್ಮ ಹಿಂದೆ ಕೂರ್ತಾಳಲ್ಲ.

ಮೊನ್ನೆ ಸ್ಟಾರ್ಟ್ ಆಯ್ತು. ಎರಡೂ ಸೈಲೆನ್ಸರಿನ ಸದ್ದಿಗೆ ಅಪ್ಪ ಹೊರಗೆ ಬಂದ್ರು. "ಪೆಟ್ರೋಲಿಗೆ ಆಯಿಲ್ ಹಾಕಿದೀಯೇನೋ?"