ಬಾಯಿ ಮುಚ್ಚುವುದು ಸುಲಭ ಮಾರಾಯ್ರೆ!

ವಿಪಶ್ಯನ ಶಿಬಿರಕ್ಕೆ ಹೋಗಿ ಬಂದೆ ಅಂದರೆ ಸಾಕು, ಮುಂಬೈಯ ನಮ್ಮವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಹತ್ತು ದಿನ ಮಾತಾಡದೆ ಹೇಗಿದ್ರಿ ಮಾರಾಯ್ರೆ?" ನನ್ನನ್ನು ಕೇಳಿದರೆ, ಅಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ ಅಂದರೆ ಅದೇ!

ಧಮ್ಮಗಿರಿ ನಮಗೇನು ದೂರವಲ್ಲ. ನಮ್ಮ ಲೋಕಲ್ ಕಸಾರಾದಲ್ಲಿ ಮುಗಿಯುತ್ತದೆ, ಘಾಟಿ ಹತ್ತಿದರೆ ಇಗತ್ಪುರಿ. 1976ರಿಂದ ಅಲ್ಲಿ ಶಿಬಿರಗಳು ನಡೆಯುತ್ತಿವೆ. ಬರ್ಮಾದಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ, ಗುರು ಊ ಬಾ ಖಿನ್ ಅವರಿಂದ ಕಲಿತದ್ದನ್ನು 1969ರಲ್ಲಿ ಭಾರತಕ್ಕೆ ತಂದರು. ಅವರು 2013ರಲ್ಲಿ ತೀರಿಕೊಂಡರು. ಪಾಠ ಈಗಲೂ ಅವರದೇ ಧ್ವನಿಯಲ್ಲಿ, ರೆಕಾರ್ಡಿಂಗ್ ಮೂಲಕ. ಫೀಸು ಇಲ್ಲ. ಹಿಂದೆ ಶಿಬಿರ ಮುಗಿಸಿದವರು ಕೊಟ್ಟ ದಾನದಿಂದ ನಡೆಯುತ್ತದೆ.

ಬೆಳಿಗ್ಗೆ 4ಕ್ಕೆ ಗಂಟೆ ಬಾರಿಸುತ್ತಾರೆ, ರಾತ್ರಿ 9.30ಕ್ಕೆ ದೀಪ ಆರಿಸುತ್ತಾರೆ. ನಡುವೆ ಹತ್ತು ಗಂಟೆಗೂ ಮೇಲೆ ಕಣ್ಣು ಮುಚ್ಚಿ ಕೂರಬೇಕು. 11ಕ್ಕೆ ಊಟ, ಸಂಜೆ 5ಕ್ಕೆ ಹೊಸಬರಿಗೆ ಚಹಾ, ಹಣ್ಣು, ಅಷ್ಟೇ. ಮೊಬೈಲು, ಪುಸ್ತಕ, ಪೆನ್ನು, ಜಪ ಯಾವುದೂ ಇಲ್ಲ. ಮೊದಲ ಮೂರು ದಿನ ಮೂಗಿನ ಹತ್ತಿರದ ಉಸಿರು ನೋಡುವುದೊಂದೇ ಕೆಲಸ. ನಾಲ್ಕನೇ ದಿನ ವಿಪಶ್ಯನ ಶುರು. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ ಅಲ್ಲಾಡದೆ ಕೂರಬೇಕು. ಆಗ ಮಾತಲ್ಲ, ಮೊಣಕಾಲು ನೆನಪಾಗುತ್ತದೆ!

ಆದರೆ ಮೊಣಕಾಲಿಗಿಂತ ಹೆಚ್ಚು ನೋಯುವುದು ತಲೆಯೊಳಗಿನ ಮಾತು. ಆಫೀಸಿನಲ್ಲಿ ಇಂಗ್ಲಿಷು, ಟ್ರೇನಿನಲ್ಲಿ ಹಿಂದಿ, ತರಕಾರಿಯವನ ಹತ್ತಿರ ಮರಾಠಿ... ಹೀಗೆ ಮೂವತ್ತು ವರ್ಷ ಕಳೆದವನಿಗೆ ಅಲ್ಲಿ ಕೇಳಿಸಿದ್ದೆಲ್ಲ ಊರಿನ ಮಾತೇ. ಅಪ್ಪ ಆಸ್ಪತ್ರೆಯಿಂದ ಫೋನಿನಲ್ಲಿ ಕೊನೆಗೆ ಹೇಳಿದ್ದು, ಜಾಗ ಪಾಲಾದಾಗ ಅಣ್ಣ ಅಂದದ್ದು. ನಮ್ಮಂಥವರಿಗೆ ಈ ಊರಿನ ಓಡಾಟ ಹೊಟ್ಟೆಪಾಡು ಮಾತ್ರ ಅಲ್ಲ, ಇಂಥದ್ದು ಕೇಳಿಸದ ಹಾಗೆ ಮಾಡುವ ಉಪಾಯವೂ ಹೌದು. ಹತ್ತು ದಿನ ಅದು ನಿಂತರೆ ಎಲ್ಲ ಮೇಲೆ ಬರುತ್ತದೆ.

ಆದ್ದರಿಂದ ಎರಡು ಮಾತು. ಒಂದು, ಟೆನ್ಷನ್ ಕಳೆಯಲಿಕ್ಕೆ ಲೋನಾವಳಕ್ಕೆ ಹೋದ ಹಾಗೆ ಇಲ್ಲಿಗೆ ಹೋಗಬೇಡಿ. ಮಗ ಸುಧಾರಿಸಲಿ ಅಂತ ಅವನನ್ನು ದಬ್ಬಲೂಬೇಡಿ. ಎರಡು, ಮನಸ್ಸಿನ ಕಾಯಿಲೆಗೆ ಮದ್ದು ತೆಗೆದುಕೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ, ಅರ್ಜಿಯಲ್ಲಿ ಮುಚ್ಚಿಡಬೇಡಿ. ಶಿಬಿರದವರೂ ಅದನ್ನೇ ಹೇಳುತ್ತಾರೆ. ಮೌನ ಅಂದರೂ ಅಲ್ಲಿನ ಆಚಾರ್ಯರ ಹತ್ತಿರ ಕಷ್ಟ ಹೇಳಿಕೊಳ್ಳಬಹುದು, ಸಂಕೋಚ ಬೇಡ. ತಡೆಯಲಾರದೆ ನಡುವೆ ಎದ್ದು ಬಂದವರನ್ನು ನಾವು ತಮಾಷೆ ಮಾಡುವುದೂ ನಿಲ್ಲಬೇಕು. ಅವರಿಗೆ ಏನು ಕೇಳಿಸಿತೋ ಯಾರಿಗೆ ಗೊತ್ತು?

ಬಂದ ಮೇಲೆ ಅಣ್ಣನಿಗೆ ಫೋನು ಮಾಡಿದೆ. ಜಾಗದ ವಿಷಯ ಇಬ್ಬರೂ ಎತ್ತಲಿಲ್ಲ. ಮಳೆ, ಅಡಿಕೆಯ ರೇಟು ಅಂತ ಕಾಲು ಗಂಟೆ ಮಾತಾಡಿದೆವು. ಜ್ಞಾನೋದಯ ಏನೂ ಆಗಿಲ್ಲ. ಆದರೆ ಹನ್ನೆರಡು ದಿನದ ರಜೆಗೆ ಇಷ್ಟು ಸಿಕ್ಕಿದರೆ ನಷ್ಟವಿಲ್ಲ ಅಂತ ನನಗನ್ನಿಸುತ್ತದೆ. ನೀವೇನಂತೀರಿ?