ಐವತ್ತು ಮರದ ಲೆಕ್ಕ ಸಾಲದು

ಹಳೆಯ ಸಾಲುಮರದ ರಸ್ತೆಗಳ ಮೇಲುಸ್ತುವಾರಿಗೆ ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆ ತರಬೇಕು, ಜಾಲಹಳ್ಳಿಯಂಥ ಕಡೆ ಅದು ತುರ್ತಾಗಿ ಬೇಕು ಎಂಬುದು ನನ್ನ ವಾದ. ಇದಕ್ಕೆ ಎದುರಾಗಿ ಬರುವ ಮಾತುಗಳಿಗೆ ಇಲ್ಲಿ ಉತ್ತರ ಕೊಡುತ್ತೇನೆ.

‘1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆಯಲ್ಲ?’ ಇದೆ, ಒಳ್ಳೆಯ ಕಾಯ್ದೆಯೇ. ಆದರೆ ಅದು ನೋಡುವುದು ಬಿಡಿ ಮರಗಳನ್ನು, ರಸ್ತೆಯನ್ನಲ್ಲ. ಸಾರ್ವಜನಿಕ ಕಾಮಗಾರಿಗೆ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಜನರ ಆಕ್ಷೇಪಣೆ ಕರೆಯಬೇಕು. ಒಂದು ಬೀದಿಯಲ್ಲಿ ಇರುವುದೇ ಮೂವತ್ತು ಮರವಾದರೆ? ಇಡೀ ಸಾಲು ನೆಲಕ್ಕುರುಳಿದರೂ ಆ ಬೀದಿಯವರನ್ನು ಒಂದು ಮಾತು ಕೇಳಬೇಕಾಗಿಲ್ಲ.

ಕೊಡಲಿ ಎತ್ತದೆಯೂ ಮರ ಕೊಲ್ಲಬಹುದು. ಕೇಬಲ್ ಹಾಕಲು ಬುಡಕ್ಕೆ ತಾಗಿಕೊಂಡೇ ಜೆಸಿಬಿಯಲ್ಲಿ ತೋಡುತ್ತಾರೆ. ತೊಡೆಗಾತ್ರದ ಬೇರು ಹಸಿಹಸಿಯಾಗಿ ಸಿಗಿದು ಹೊರಗೆ ಕಾಣುತ್ತದೆ. ಸಂಜೆಯೊಳಗೆ ಮಣ್ಣು ಮುಚ್ಚಿ, ಆಮೇಲೆ ಬುಡದವರೆಗೂ ಕಾಂಕ್ರೀಟ್ ಎಳೆಯುತ್ತಾರೆ. ಯಾವುದೋ ಮೇ ತಿಂಗಳ ಗಾಳಿಮಳೆಗೆ ಆ ಮರ ಆಟೋ ಮೇಲೆ ಬಿದ್ದಾಗ ಅದಕ್ಕೆ ‘ಅಪಾಯಕಾರಿ ಮರ’ ಎಂಬ ಹೆಸರು, ಜೊತೆಗೆ ಪಕ್ಕದ ನಾಲ್ಕಕ್ಕೂ ಗರಗಸ. ಕಾಯ್ದೆಯ ವ್ಯಾಖ್ಯೆ ಪ್ರಕಾರ ಮರಕ್ಕೆ ಹಾನಿ ಮಾಡುವುದೂ ಕಡಿದಂತೆಯೇ. ಆದರೆ ರಸ್ತೆ ಅಗೆಯಲು ಅನುಮತಿ ಕೊಡುವ ಮೇಜೇ ಬೇರೆ, ವೃಕ್ಷಾಧಿಕಾರಿಯ ಮೇಜೇ ಬೇರೆ. ಎರಡನ್ನೂ ಒಂದೆಡೆ ತರುವ ಕಾನೂನು ಬೇಕೆಂದೇ ನಾನು ಕೇಳುತ್ತಿರುವುದು.

‘ಜಾಲಹಳ್ಳಿ ಕಾರ್ಖಾನೆಗಳ ಊರು, ಇಲ್ಲೆಂಥ ಪರಂಪರೆ?’ ಈ ಮಾತು ನನಗೆ ನಿಜಕ್ಕೂ ನೋವು ತರುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೇನಾ ಆಸ್ಪತ್ರೆಗಳಿದ್ದ ಜಾಗ ಇದು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿದವು. ಊಟದ ಡಬ್ಬಿ ಕಟ್ಟಿಕೊಂಡು ಸೈಕಲ್ ತುಳಿಯುತ್ತ ಪಾಳಿಗೆ ಹೋದ ಒಂದು ತಲೆಮಾರಿಗೆ ನೆರಳು ಕೊಟ್ಟದ್ದು ಈ ರಸ್ತೆಗಳ ಮರಗಳೇ. ಅರಸರು ಮೆರವಣಿಗೆ ಹೋದ ಬೀದಿ ಪರಂಪರೆಯಾದರೆ, ದೇಶಕ್ಕೆ ಗಡಿಯಾರ, ರೇಡಾರ್ ಮಾಡಿಕೊಟ್ಟವರು ಓಡಾಡಿದ ಬೀದಿ ಯಾಕಾಗಬಾರದು?

‘ಟ್ರಾಫಿಕ್‌ಗೆ ಏನು ಮಾಡೋಣ?’ ತುಮಕೂರು ರಸ್ತೆ ಅಗಲವಾಯಿತು, ಮೇಲುಸೇತುವೆ ಬಂತು, 2015ರಲ್ಲಿ ಜಾಲಹಳ್ಳಿಗೆ ಮೆಟ್ರೋನೂ ಬಂತು. ಸಂಜೆ ಹೊತ್ತು ಜಾಲಹಳ್ಳಿ ಕ್ರಾಸ್‌ನಲ್ಲಿ ನಿಂತು ನೋಡಿ. ಗಾಡಿಗಳು ಸಿಕ್ಕಿಕೊಳ್ಳುವುದು ಕೂಡುರಸ್ತೆಯಲ್ಲಿ, ಮರದ ಕೆಳಗಲ್ಲ.

‘ಒಂದಕ್ಕೆ ಹತ್ತು ಸಸಿ ನೆಡುತ್ತೇವೆ.’ ಎಲ್ಲಿ? ಈ ರಸ್ತೆಯಲ್ಲಂತೂ ಅಲ್ಲ. ಇಲ್ಲಿ ಬಸ್ಸಿಗೆ ಕಾಯುವವರಿಗೆ ಊರಾಚೆಯ ನೆಡುತೋಪಿನ ನೆರಳು ಎಟುಕುವುದಿಲ್ಲ. ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ರಸ್ತೆಯಲ್ಲಿ ನೀರು ಹೊತ್ತು ಬೆಳೆಸಿದ 385 ಆಲದ ಮರಗಳಿಗೂ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದಿಂದ ಕುತ್ತು ಬಂದಿತ್ತು. ಪದ್ಮಶ್ರೀ ಪಡೆದ ಆ ಅಜ್ಜಿಯೇ ಹೋಗಿ ಸರ್ಕಾರಕ್ಕೆ ಮೊರೆಯಿಟ್ಟರು. ಬೇರೆ ದಾರಿ ನೋಡಿ ಎಂದು ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಸೂಚಿಸಿದರು. ಸಂತೋಷ. ಆದರೆ ಎಚ್‌ಎಂಟಿ ರಸ್ತೆಯಲ್ಲಿ ಸಸಿ ನೆಟ್ಟ ಮಾಲಿಯ ಹೆಸರು ಯಾರಿಗೂ ತಿಳಿಯದು. ಅವನ ಪರವಾಗಿ ಮುಖ್ಯಮಂತ್ರಿಯ ಬಾಗಿಲು ತಟ್ಟುವವರು ಯಾರು? ಹೆಸರಿದ್ದವರ ಮರ ಉಳಿದು, ಹೆಸರಿಲ್ಲದವರದು ಹೋಗುವುದು ನ್ಯಾಯವಲ್ಲ.

‘ಇಂಥ ಕಾಯ್ದೆ ಎಲ್ಲಾದರೂ ಉಂಟೇ?’ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1973ರಿಂದ ಉಂಟು. ಅಲ್ಲಿ ಊರು ಗುರುತಿಸಿದ ಸುಂದರ ರಸ್ತೆಯಲ್ಲಿ, ಕಾಮಗಾರಿಗಾಗಿ ಮರ ಕಡಿಯಲು ಅಥವಾ ಕಲ್ಲಿನ ಗೋಡೆ ಕೆಡವಲು ಮೊದಲು ಸಾರ್ವಜನಿಕ ವಿಚಾರಣೆ ಆಗಲೇಬೇಕು. ನಮ್ಮಲ್ಲೂ ದಾರಿಯಿದೆ. ಹಂಪಿಗಾಗಿ 2002ರಲ್ಲಿ ಪ್ರತ್ಯೇಕ ಪ್ರಾಧಿಕಾರದ ಕಾಯ್ದೆ ಮಾಡಿದೆವು. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದೂ ಈ ರಾಜ್ಯವೇ.

ಹೊಸ ಕಾಯ್ದೆಗೆ ಉದ್ದನೆಯ ಅಧ್ಯಾಯಗಳು ಬೇಡ. ಜಿಲ್ಲೆವಾರು ರಸ್ತೆಗಳ ಪಟ್ಟಿ ಇರಲಿ. ಪಟ್ಟಿಯ ರಸ್ತೆಯಲ್ಲಿ ಒಂದೇ ಮರವಾದರೂ ಜನರ ಅಹವಾಲು ಕೇಳಲಿ. ಅಗೆತಕ್ಕೆ ವೃಕ್ಷಾಧಿಕಾರಿಯ ಸಹಿ ಕಡ್ಡಾಯವಾಗಲಿ. ಮುರಿದು ತೂಗುತ್ತಿರುವ ಕೊಂಬೆಯನ್ನು ಆ ಕ್ಷಣವೇ ತೆಗೆಯಲು ಮಾತ್ರ ವಿನಾಯಿತಿ ಇರಲಿ.