ಚಿನ್ನದ ಗಣಿಯ ಹೆಸರಿಗೆ ಬಂದ ಬೆಲೆ

ಕೋಲಾರದ ಚಿನ್ನದ ಗಣಿಯು ೨೦೦೧ನೆಯ ಇಸವಿ ಫೆಬ್ರವರಿ ೨೮ನೆಯ ತಾರೀಖು ಮುಚ್ಚಿತು. ಹತ್ತಿರ ಹತ್ತಿರ ಹದಿನೆಂಟು ವರ್ಷಗಳು ಕಳೆದ ಮೇಲೆ, ೨೦೧೮ನೆಯ ಇಸವಿ ಡಿಸೆಂಬರ್ ೨೧ರಂದು, ಅದೇ ಗಣಿಯ ಮೂರು ಅಕ್ಷರದ ಹೆಸರನ್ನು ಹೊತ್ತ ಕನ್ನಡ ಚಲಚ್ಚಿತ್ರವೊಂದು ಐದು ಭಾಷೆಗಳಲ್ಲಿ ಏಕಕಾಲಕ್ಕೆ ತೆರೆಗೆ ಬಂದಿತು. ಅದರ ಎರಡನೆಯ ಭಾಗವು ೨೦೨೨ರ ಏಪ್ರಿಲ್ ೧೪ರಂದು ಹೊರಬಿದ್ದು, ವರ್ತಮಾನಪತ್ರಗಳ ಲೆಕ್ಕದಂತೆ ಪ್ರಪಂಚದಲ್ಲೆಲ್ಲಾ ಸೇರಿ ೧೨೦೦ ಕೋಟಿ ರೂಪಾಯಿಗೂ ಮೀರಿದ ವಸೂಲಿಯನ್ನು ಕಂಡಿತು. ೨೦೨೩ರ ಜುಲೈ ತಿಂಗಳಲ್ಲಿ ಎರಡು ಭಾಗಗಳೂ ಜಪಾನಿನ ಚಿತ್ರಮಂದಿರಗಳಿಗೆ ಹೋದುವು. ನೂರಿಪ್ಪತ್ತು ವರ್ಷಗಳ ಕಾಲದಲ್ಲಿ ಸುಮಾರು ೮೦೦ ಟನ್ ಚಿನ್ನವನ್ನು ಕೊಟ್ಟ ನೆಲವು, ಚಿನ್ನವನ್ನು ತೆಗೆಯುವುದು ಕಟ್ಟದೆಂದು ನಿಂತುಹೋದ ಮೇಲೆ, ತನ್ನ ಹೆಸರನ್ನೂ ಲೋಕದ ಸಂತೆಗೆ ಕಳುಹಿಸಿಕೊಟ್ಟಂತಾಯಿತು. ಮೊದಲನೆಯ ಸರಕಿನ ಲಾಭವು ಎಲ್ಲಿಗೆ ಹೋಯಿತೆಂಬುದನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಎರಡನೆಯ ಸರಕಿನಲ್ಲಿ ಈ ಜಿಲ್ಲೆಗೆ ಸಲ್ಲಬೇಕಾದ ಪಾಲೇನಾದರೂ ಉಂಟೇ ಎಂಬುದನ್ನು ವಿಚಾರಮಾಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಚಿತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಶ್ರೀ ವಿಜಯ್ ಕಿರಗಂದೂರು ಅವರ ಹೊಂಬಾಳೆ ಸಂಸ್ಥೆಯವರೂ ನಿರ್ದೇಶಕ ಶ್ರೀ ಪ್ರಶಾಂತ್ ನೀಲ್ ಅವರೂ ನಾಯಕನಟ ಶ್ರೀ ಯಶ್ ಅವರೂ ಕನ್ನಡಿಗರು ಅದುವರೆಗೆ ಕೈಹಾಕದಿದ್ದ ವ್ಯಾಪಾರಕ್ಕೆ ಕೈಹಾಕಿ ಗೆದ್ದರು. ಆ ಗೆಲುವಿನ ಮರ್ಮವು ಕಥೆಯಲ್ಲಿದ್ದುದಕ್ಕಿಂತ ಹೆಚ್ಚಾಗಿ ಮಾರಾಟದ ಕ್ರಮದಲ್ಲಿದ್ದಿತು. ದಕ್ಷಿಣದ ಚಿತ್ರಗಳಿಗೆ ಹಿಂದಿಯ ಮಾತು ಕೂಡಿಸಿ ದೂರದರ್ಶನ ವಾಹಿನಿಗಳಲ್ಲಿಯೂ ಯೂಟ್ಯೂಬಿನಲ್ಲಿಯೂ ತೋರಿಸುತ್ತಿದ್ದವರು ಉತ್ತರದ ಜನಕ್ಕೆ ಮೊದಲೇ ಆ ರುಚಿಯನ್ನು ಹತ್ತಿಸಿದ್ದರು. ಹೊಂಬಾಳೆಯವರು ಹಿಂದಿಯ ಸೀಮೆಯ ಹಂಚಿಕೆಯನ್ನು ಮುಂಬಯಿಯ ಬಲ್ಲವರಿಗೇ ವಹಿಸಿಕೊಟ್ಟರು. ಮೊದಲ ಭಾಗವು ಮನೆಮನೆಯ ಫೋನಿಗೂ ತಲುಪುವಂತೆ ನೋಡಿಕೊಂಡರು. ಎರಡನೆಯ ಭಾಗದ ಟೀಸರನ್ನು ೨೦೨೧ರ ಜನವರಿಯಲ್ಲಿ ನಾಯಕನ ಜನ್ಮದಿನಕ್ಕೆ ಸರಿಯಾಗಿ ಬಿಟ್ಟು, ಎರಡು ದಿನಗಳಲ್ಲಿ ಹತ್ತು ಕೋಟಿ ನೋಟಗಳನ್ನು ಗಳಿಸಿದರು. ಹಸಿವನ್ನು ಹುಟ್ಟಿಸಿ ಅನಂತರ ಎಲೆ ಹಾಕುವ ಈ ವಿದ್ಯೆಯು ನಮ್ಮ ಚಿತ್ರೋದ್ಯಮಿಗಳಿಗೆ ಬಹುಕಾಲ ತಿಳಿದಿರಲಿಲ್ಲ.

ತಿಳಿಯದಿದ್ದುದಕ್ಕೆ ಕಾರಣವೂ ಉಂಟು. ಕನ್ನಡದ ಮೊದಲ ವಾಕ್ಚಿತ್ರಗಳಲ್ಲೊಂದಾದ ೧೯೩೪ರ ‘ಸತಿ ಸುಲೋಚನ’ವನ್ನು ಕೊಲ್ಲಾಪುರದಲ್ಲಿ ತಯಾರಿಸಬೇಕಾಯಿತು, ಅಂಥ ಬಡ ಉದ್ಯಮವು ನೆರೆಯವರ ಪ್ರವಾಹದಲ್ಲಿ ಕೊಚ್ಚಿಹೋಗಬಾರದೆಂದು ೧೯೬೦ರ ದಶಕದಲ್ಲಿ ಡಬ್ಬಿಂಗಿಗೆ ವಿರೋಧವು ಹುಟ್ಟಿ, ಪರಭಾಷೆಯ ಚಿತ್ರವು ಕನ್ನಡದಲ್ಲಿ ಮಾತನಾಡಕೂಡದೆಂಬ ಕಟ್ಟುಪಾಡು ಶಾಸನವಿಲ್ಲದೆಯೇ ನೆಲೆನಿಂತಿತು. ಆ ಕಾಲದ ಭಯವನ್ನು ನಾವು ಹಾಸ್ಯಮಾಡುವುದಿಲ್ಲ. ಆದರೆ ಆ ಬೇಲಿಯು ನಮ್ಮ ಮುಳಬಾಗಿಲು ಶ್ರೀನಿವಾಸಪುರಗಳ ಜನಕ್ಕೆ ಎಂದೂ ಕಣ್ಣಿಗೆ ಬೀಳಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬ ಊರುಗಳಲ್ಲಿ ತೆಲುಗಿನ ಚಿತ್ರವನ್ನು ತೆಲುಗಿನಲ್ಲಿಯೇ ನೋಡಿದರು. ರಾಬರ್ಟ್‌ಸನ್‌ಪೇಟೆ ಆಂಡರ್‌ಸನ್‌ಪೇಟೆಗಳಲ್ಲಿ ತಮಿಳಿನದನ್ನು ತಮಿಳಿನಲ್ಲಿಯೇ ನೋಡಿದರು. ತಡೆಯಾದದ್ದು ಕನ್ನಡವೊಂದನ್ನೇ ಬಲ್ಲ ಪ್ರೇಕ್ಷಕನಿಗೆ ಮಾತ್ರ. ೨೦೧೫ರ ಜುಲೈನಲ್ಲಿ ಭಾರತದ ಸ್ಪರ್ಧಾ ಆಯೋಗವು ಈ ಕಟ್ಟುಪಾಡು ಸ್ಪರ್ಧೆಗೆ ವಿರೋಧವೆಂದು ತೀರ್ಮಾನಿಸಿ ವಾಣಿಜ್ಯ ಮಂಡಳಿಯೇ ಮೊದಲಾದ ಸಂಘಗಳಿಗೆ ದಂಡ ವಿಧಿಸಿತು. ಮೂರೇ ವರ್ಷಗಳಲ್ಲಿ, ಯಾವ ಡಬ್ಬಿಂಗು ಕನ್ನಡವನ್ನು ಮುಳುಗಿಸುವುದೆಂದು ಹೇಳುತ್ತಿದ್ದರೋ ಅದೇ ಡಬ್ಬಿಂಗಿನ ದೋಣಿಯಲ್ಲಿ ಕನ್ನಡದ ಚಿತ್ರವು ಗಡಿಯನ್ನು ದಾಟಿತು.

ಚಿತ್ರಕ್ಕೆ ಮೊದಲು ಗಡಿಯನ್ನು ದಾಟಿದವರು ಈ ಜಿಲ್ಲೆಯ ಮನುಷ್ಯರು. ಮುಳಬಾಗಿಲಿನಲ್ಲಿ ಹುಟ್ಟಿದ ಶ್ರೀಮತಿ ಸೌಂದರ್ಯ ಅವರು ತೆಲುಗು ನಾಡಿನಲ್ಲಿ ಮನೆಮಾತಾದರು, ಆದರೂ ತಮ್ಮ ಗಳಿಕೆಯನ್ನು ಹಾಕಿ ಕನ್ನಡದಲ್ಲಿ ‘ದ್ವೀಪ’ವನ್ನು ನಿರ್ಮಿಸಿದರು, ಶ್ರೀ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂದಿತು. ೨೦೦೪ರ ಏಪ್ರಿಲ್ ೧೭ರಂದು ವಿಮಾನಾಪಘಾತದಲ್ಲಿ ಆಕೆ ತೀರಿಕೊಂಡಾಗ ಎರಡು ರಾಜ್ಯಗಳೂ ಮರುಗಿದುವು.

ಈಗ ಏಷ್ಯಾ ಖಂಡದ ಮತ್ತೊಂದು ಮೂಲೆಯನ್ನು ನೋಡೋಣ. ನಮ್ಮ ಡಬ್ಬಿಂಗಿನ ಕಟ್ಟುಪಾಡಿಗೆ ಅಣ್ಣನಂಥದು ದಕ್ಷಿಣ ಕೊರಿಯಾದಲ್ಲಿ ಇದ್ದಿತು. ಜಪಾನಿನ ಆಳ್ವಿಕೆಯಲ್ಲಿ ನೊಂದಿದ್ದ ಆ ದೇಶದವರು ಜಪಾನಿನ ಚಿತ್ರ, ಹಾಡು, ಚಿತ್ರಕಥೆಗಳನ್ನು ಒಳಕ್ಕೆ ಬಿಡುತ್ತಿರಲಿಲ್ಲ. ೧೯೯೮ರಲ್ಲಿ ಅಧ್ಯಕ್ಷ ಕಿಮ್ ಡೇ-ಜುಂಗ್ ಅವರು ಆ ಬಾಗಿಲನ್ನು ಹಂತಹಂತವಾಗಿ ತೆರೆಯತೊಡಗಿದರು. ಕೊರಿಯಾದ ಕಲೆಯು ಮುಳುಗಿತೆಂದು ಅಲ್ಲಿಯೂ ಕೂಗೆದ್ದಿತು. ಆದರೆ ಬಾಗಿಲನ್ನು ತೆರೆದ ಸರಕಾರವು ಸುಮ್ಮನೆ ಕೂರಲಿಲ್ಲ. ೧೯೯೯ರಲ್ಲಿಯೇ ಸಂಸ್ಕೃತಿಸಂಬಂಧವಾದ ಉದ್ಯಮಗಳ ಪ್ರೋತ್ಸಾಹಕ್ಕೆಂದು ಪ್ರತ್ಯೇಕ ಶಾಸನವನ್ನು ಮಾಡಿತು. ಚಿತ್ರಮಂದಿರಗಳಲ್ಲಿ ವರ್ಷಕ್ಕೆ ಇಂತಿಷ್ಟು ದಿನ ದೇಶದ ಚಿತ್ರವನ್ನು ತೋರಿಸಲೇಬೇಕೆಂಬ ನಿಯಮವನ್ನೂ ಬಿಡಲಿಲ್ಲ. ಆ ದಿನಗಳ ಸಂಖ್ಯೆ ೧೪೬ರಿಂದ ೭೩ಕ್ಕೆ ಇಳಿದದ್ದು ೨೦೦೬ರಲ್ಲಿ, ಅಂದರೆ ಉದ್ಯಮವು ಕಾಲೂರಿ ನಿಂತ ಮೇಲೆ. ನಮ್ಮಲ್ಲಿ ಬೇಲಿಯನ್ನು ಆಯೋಗವು ಕಿತ್ತಿತು; ಬೇಲಿಯ ಬದಲು ಬೇರೆಯೇನನ್ನು ನೆಡಬೇಕೆಂಬ ಯೋಚನೆಯನ್ನು ಯಾರೂ ಮಾಡಿದಂತೆ ಕಾಣುವುದಿಲ್ಲ.

ಫಲವೇನಾಯಿತು? ೨೦೦೨ರಲ್ಲಿ ಕೊರಿಯಾದಲ್ಲಿ ಪ್ರಸಾರವಾದ ‘ವಿಂಟರ್ ಸೊನಾಟಾ’ ಎಂಬ ಪ್ರೇಮಕಥೆಯ ಧಾರಾವಾಹಿಯು ೨೦೦೩ರಲ್ಲಿ ಜಪಾನಿನ ಎನ್.ಎಚ್.ಕೆ. ವಾಹಿನಿಯನ್ನು ಸೇರಿತು. ಯಾವ ದೇಶದಿಂದ ಪ್ರವಾಹ ಬರುವುದೆಂದು ಹೆದರಿದ್ದರೋ ಆ ದೇಶಕ್ಕೇ ಪ್ರವಾಹವು ತಿರುಗಿತು. ಆ ಕಥೆಯ ಕೆಲವು ದೃಶ್ಯಗಳನ್ನು ನಾಮಿ ಎಂಬ ನದಿಯ ನಡುವಣ ನಡುಗಡ್ಡೆಯಲ್ಲಿ, ಸಾಲುಮರಗಳ ಕೆಳಗೆ ತೆಗೆದಿದ್ದರು. ಜಪಾನಿನ ಗೃಹಿಣಿಯರು ಹಡಗು ವಿಮಾನಗಳನ್ನು ಹತ್ತಿ ಆ ಮರಗಳನ್ನು ನೋಡಲು ಬಂದರು. ದೋಣಿಯವನಿಗೆ ಬಾಡಿಗೆ, ಹೋಟೆಲಿನವನಿಗೆ ಗಿರಾಕಿ, ಅಂಗಡಿಯವನಿಗೆ ವ್ಯಾಪಾರ. ಮುಂದೆ ೨೦೨೦ರಲ್ಲಿ ‘ಪ್ಯಾರಾಸೈಟ್’ ಚಿತ್ರಕ್ಕೆ ಆಸ್ಕರಿನ ಅಗ್ರಪ್ರಶಸ್ತಿಯೂ, ಅದೇ ವರ್ಷ ಬಿ.ಟಿ.ಎಸ್. ಎಂಬ ಹುಡುಗರ ಮೇಳಕ್ಕೆ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನವೂ ಬಂದುದು ಲೋಕವಿದಿತ. ನಮಗೆ ಬೇಕಾದದ್ದು ನಾಮಿಯ ಮರಗಳ ಸಂಗತಿ. ಕಥೆಯನ್ನು ಮಾರಿದವರು ಕಥೆ ನಡೆದ ನೆಲವನ್ನೂ ಅದರೊಡನೆ ಲೆಕ್ಕಕ್ಕೆ ಹಿಡಿದರು.

ಕೊರಿಯಾದವರು ಎಲ್ಲದರಲ್ಲಿಯೂ ಜಾಣರಾದರೆಂದು ವಾಚಕರು ತಿಳಿಯಬಾರದು. ೨೦೨೧ರ ‘ಸ್ಕ್ವಿಡ್ ಗೇಮ್’ ಧಾರಾವಾಹಿಗೆ ಸುಮಾರು ಎರಡು ಕೋಟಿ ಡಾಲರ್ ವೆಚ್ಚವಾಗಿ, ನೆಟ್‌ಫ್ಲಿಕ್ಸ್ ಕಂಪೆನಿಗೆ ಅದರಿಂದ ಸುಮಾರು ೯೦ ಕೋಟಿ ಡಾಲರಿನ ಪ್ರಯೋಜನವೆಂದು ಆ ಕಂಪೆನಿಯ ಒಳಲೆಕ್ಕವೇ ಹೇಳಿತೆಂದು ವರದಿಯಾಯಿತು. ಹಕ್ಕೆಲ್ಲವೂ ಕಂಪೆನಿಯದಾದುದರಿಂದ ಕಥೆಯನ್ನು ಹೆತ್ತ ನಿರ್ದೇಶಕನಿಗೆ ಮೊದಲು ಸಿಕ್ಕಿದ್ದು ಕರಾರಿನ ಸಂಬಳ ಮಾತ್ರ. ಅಗೆದವನೊಬ್ಬ, ಅದುರಿನ ಒಡೆಯನೊಬ್ಬ ಎಂಬ ಈ ವ್ಯವಸ್ಥೆಯು ಕೋಲಾರದವರಿಗೆ ಅಪರಿಚಿತವೇನಲ್ಲ. ನಮ್ಮ ನರಸಾಪುರದಲ್ಲಿ ಇಂದು ಐಫೋನುಗಳನ್ನು ಜೋಡಿಸುತ್ತಾರೆ. ಜೋಡಿಸುವ ಕೈಗೆ ಕೂಲಿ, ಹಿಂಬದಿಯ ಸೇಬಿನ ಗುರುತಿಗೆ ಬೆಲೆ. ೨೦೧೬ರಲ್ಲಿ ಕ್ಷಿಪಣಿ ರಕ್ಷಣೆಯ ಜಗಳ ಹುಟ್ಟಿದೊಡನೆ ಚೀನಾ ದೇಶದವರು ಕೊರಿಯಾದ ಹಾಡು ನಾಟಕಗಳಿಗೆ ಬಾಗಿಲು ಹಾಕಿದರು. ಒಂದೇ ಗಿರಾಕಿಯನ್ನು ನಂಬಿದ್ದವರು ಬಹಳ ನಷ್ಟಪಟ್ಟರು. ಶ್ರೀನಿವಾಸಪುರದ ಮಾವಿನ ಬೆಳೆಗಾರರಿಗೆ ಈ ಕಷ್ಟವನ್ನು ವಿವರಿಸಬೇಕೆ? ೨೦೨೫ರ ಜೂನ್ ತಿಂಗಳಲ್ಲಿ ಚಿತ್ತೂರು ಜಿಲ್ಲೆಯ ಆಡಳಿತವು ಹೊರರಾಜ್ಯದ ತೋತಾಪುರಿಯನ್ನು ಒಳಕ್ಕೆ ಬಿಡಕೂಡದೆಂದು ಆಜ್ಞೆ ಮಾಡಿದಾಗ, ತಿರುಳು ತೆಗೆಯುವ ಕಾರ್ಖಾನೆಗಳು ಗಡಿಯಾಚೆ ಇದ್ದುದರಿಂದ ಹಣ್ಣು ಈಚೆ ಉಳಿದು ಬೆಲೆ ಕುಸಿಯಿತು. ಗಣಿಯ ಕಥೆಯು ತೆಲುಗನ್ನಾಡುತ್ತಾ ದಾಟಿದ ಗಡಿಯನ್ನು ಮಾವು ದಾಟಲಾರದೆ ಹೋಯಿತು.

ಇನ್ನು ಮುಖ್ಯ ಸಂಗತಿಗೆ ಬರೋಣ. ಚಿತ್ರದಲ್ಲಿ ‘ನರಾಚಿ’ ಎಂಬ ಕಲ್ಪಿತ ಗಣಿ, ೧೯೫೧ರಲ್ಲಿ ಕಂಡುದಂತೆ, ಅಲ್ಲಿ ಗುಲಾಮರು, ಚಾವಟಿ, ಕ್ರೂರನಾದ ಖಾಸಗಿ ಒಡೆಯ. ಕಲ್ಪನೆಗೆ ಕವಿಗೆ ಸ್ವಾತಂತ್ರ್ಯವುಂಟು, ಸರಿ. ಆದರೆ ಪಾಟ್ನಾದ ಬಾಲಕನಿಗೂ ಟೋಕಿಯೋದ ಪ್ರೇಕ್ಷಕನಿಗೂ ಕೆ.ಜಿ.ಎಫ್. ಎಂದರೆ ಇಂದು ಇದೇ. ನಡೆದದ್ದಾದರೋ ಬೇರೆ. ೧೮೮೦ರಿಂದ ಗಣಿಯನ್ನು ನಡೆಸಿದವರು ಲಂಡನ್ನಿನ ಜಾನ್ ಟೇಲರ್ ಕಂಪೆನಿಯವರು. ಅದಕ್ಕೆಂದೇ ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು, ಬೆಂಗಳೂರಿನ ಬೀದಿಗೆ ದೀಪ ಬರುವುದಕ್ಕೆ ಮೂರು ವರ್ಷ ಮೊದಲೇ. ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತ ಕೂಲಿಗಾರರು. ಸುಡುವ ಬಂಡೆ, ಹಠಾತ್ತನೆ ಸಿಡಿಯುವ ಬಂಡೆ, ಶ್ವಾಸಕೋಶಕ್ಕೆ ಕಲ್ಲಿನ ಧೂಳು. ೧೯೩೦ರಲ್ಲಿ ಪ್ರತಿಯೊಬ್ಬ ಕೂಲಿಯ ಬೆರಳಚ್ಚು ತೆಗೆಯಬೇಕೆಂದು ಕಂಪೆನಿಯವರು ಹೊರಟಾಗ ಅವರು ಕೆಲಸ ಬಿಟ್ಟು ಮುಷ್ಕರ ಹೂಡಿದರು. ೧೯೫೬ರಲ್ಲಿ ಮೈಸೂರು ಸರಕಾರವೂ ೧೯೬೨ರಲ್ಲಿ ಕೇಂದ್ರ ಸರಕಾರವೂ ಗಣಿಯನ್ನು ವಹಿಸಿಕೊಂಡುವು. ಚಿತ್ರದ ನಾಯಕನು ಖಾಸಗಿ ಒಡೆಯನನ್ನು ಕೊಲ್ಲುವ ಕಾಲಕ್ಕೆ ನಿಜವಾದ ಗಣಿಯಲ್ಲಿ ಒಡೆಯನೆಂದರೆ ಭಾರತ ಸರಕಾರವೇ. ನಿಜವಾದ ನಾಯಕರು ಗುಂಪಾಗಿ ಕೆಲಸ ನಿಲ್ಲಿಸಿ ಕುಳಿತವರು. ಅವರ ಕೈಯಲ್ಲಿ ಬಂದೂಕು ಇರಲಿಲ್ಲ.

ಆ ಕೂಲಿಗಾರರ ಮಕ್ಕಳು ಮೊಮ್ಮಕ್ಕಳು ಸಾವಿರಗಟ್ಟಲೆ ಜನ ಇಂದು ಬೆಳಗಾಗುವ ಮೊದಲೇ ಮಾರಿಕುಪ್ಪಂ ರೈಲನ್ನು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂತಿರುಗುತ್ತಾರೆ. ಬೇಸಗೆಯ ಗಾಳಿಗೆ ಸೈನೈಡ್ ದಿಬ್ಬಗಳ ಧೂಳು ಅವರ ಮನೆಗಳೊಳಗೆ ಬರುತ್ತದೆ. ಯಾವ ದಿಬ್ಬದ ಮೇಲೆ ನರಾಚಿಯ ದೃಶ್ಯಗಳನ್ನು ತೆಗೆದರೋ ಅದನ್ನು ನೋಡಲು ದೂರದಿಂದ ಬರುವವರಿದ್ದಾರೆ. ಬಂದವರು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಇದು ಗಣಿ, ಇದು ಶಾಫ್ಟು, ಇಲ್ಲಿ ಇಷ್ಟು ಜನ ಇಳಿದರು ಎಂದು ಹೇಳುವವರು ಯಾರು? ನಾಮಿಯ ದೋಣಿಯವನಿಗೆ ದೊರೆತ ಬಾಡಿಗೆಯು ರಾಬರ್ಟ್‌ಸನ್‌ಪೇಟೆಯ ಆಟೋದವನಿಗೂ ದೊರೆಯಲೆಂದರೆ ಅದು ಅತ್ಯಾಸೆಯೇ?

ಗಣಿಯ ನೆನಪನ್ನು ಯಾರು ಹೇಳಬೇಕೆಂಬುದಕ್ಕೆ ರಾಜ್ಯಗಳೇ ಜಗಳವಾಡುವುದುಂಟು. ಜಪಾನಿನ ಸಾಡೋ ದ್ವೀಪದ ಚಿನ್ನದ ಗಣಿಯು ೧೯೮೯ರಲ್ಲಿ ನಿಂತುಹೋಯಿತು. ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲು ಜಪಾನು ಕೇಳಿದಾಗ, ಯುದ್ಧಕಾಲದಲ್ಲಿ ಅಲ್ಲಿ ಬಲವಂತವಾಗಿ ದುಡಿದ ತಮ್ಮವರ ಕಥೆಯೂ ಇರಬೇಕೆಂದು ಕೊರಿಯಾದವರು ಪಟ್ಟುಹಿಡಿದರು. ಆ ಕೂಲಿಗಾರರ ವಿಷಯವನ್ನು ಪ್ರದರ್ಶಿಸುವುದಾಗಿ ಒಪ್ಪಿದ ಮೇಲೆಯೇ ೨೦೨೪ರ ಜುಲೈನಲ್ಲಿ ಅದು ಪಟ್ಟಿಗೆ ಸೇರಿತು. ಅದಕ್ಕೆ ಮೊದಲು, ೨೦೧೭ರಲ್ಲಿ, ಹಾಶಿಮಾ ದ್ವೀಪದ ಕಲ್ಲಿದ್ದಲ ಗಣಿಯ ಬಗ್ಗೆ ಕೊರಿಯಾದವರೇ ಒಂದು ದೊಡ್ಡ ಚಿತ್ರವನ್ನು ತೆಗೆದಿದ್ದರು. ನಮ್ಮ ಕೂಲಿಗಾರರ ಕಥೆಗೆ ಕೈಹಾಕಿದ್ದು ತಮಿಳಿನವರು: ಶ್ರೀ ಪಾ. ರಂಜಿತ್ ಅವರ ‘ತಂಗಲಾನ್’ ೨೦೨೪ರ ಆಗಸ್ಟ್ ೧೫ರಂದು ಬಂದಿತು. ಕನ್ನಡದಲ್ಲಿ ಆ ಕೆಲಸವು ಹಾಗೆಯೇ ಉಳಿದಿದೆ. ಮಾಸ್ತಿಯವರನ್ನು ಹೆತ್ತ ಮಾಲೂರು, ಗುಂಡಪ್ಪನವರನ್ನು ಹೆತ್ತ ಮುಳಬಾಗಿಲು ಇರುವ ಜಿಲ್ಲೆಯಲ್ಲಿ ಕಥೆ ಹೇಳಬಲ್ಲವರಿಗೆ ಬರಗಾಲವೆಂದು ನಾವು ನಂಬಲಾರೆವು.

ಕಾಲವು ಮಾತ್ರ ಬಹಳವಿಲ್ಲ. ೨೦೨೪ರ ಜೂನ್ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟವು, ೧೩ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯಿಸುವ ಕೇಂದ್ರದ ಸೂಚನೆಗೆ ಸಮ್ಮತಿಯನ್ನಿತ್ತಿತು. ಅವುಗಳ ಮಣ್ಣು ಮೂರು ಕೋಟಿ ಟನ್ನಿಗೂ ಮಿಕ್ಕಿದ್ದು. ಧೂಳು ಹೋಗಿ ಜನಕ್ಕೆ ಕೆಲಸ ಬರುವುದಾದರೆ ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ಜಿಲ್ಲೆಯ ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವಿಷ್ಟು: ಕರಾರಿಗೆ ರುಜು ಬೀಳುವ ಮೊದಲು ಒಂದು ದಿಬ್ಬವನ್ನೂ, ಒಂದು ಶಾಫ್ಟಿನ ಮೇಲಣ ಗಾಲಿಗೋಪುರವನ್ನೂ, ಕಂಪೆನಿಯ ಹಾಜರಿಪುಸ್ತಕಗಳನ್ನೂ ಪಟ್ಟಿಯಿಂದ ಹೊರತೆಗೆದು ಪುರಸಭೆಯ ವಶಕ್ಕೆ ಕೊಡಿಸಬೇಕು, ಅಲ್ಲಿ ಮುಂದೆ ಚಿತ್ರ ತೆಗೆಯುವವರಿಂದ ಬರುವ ಶುಲ್ಕವು ಆ ಪುರಸಭೆಗೇ ಸಲ್ಲಬೇಕು, ಬಂದವರಿಗೆ ದಾರಿ ತೋರುವ ಕೆಲಸವನ್ನು ಗಣಿಯಲ್ಲಿ ಇಳಿದು ದುಡಿದವರ ಮನೆಯವರಿಗೇ ಕೊಡಬೇಕು. ನೆಲದಡಿಯಲ್ಲಿ ದುಡಿದವರಲ್ಲಿ ಇನ್ನೂ ಬದುಕಿರುವವರು ವೃದ್ಧರಾಗಿದ್ದಾರೆ. ಅವರ ಮಾತುಗಳನ್ನು ತಮಿಳಿನಲ್ಲಾಗಲಿ ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆದಿಡಿಸುವ ಏರ್ಪಾಟು ಈ ವರ್ಷವೇ ಆಗತಕ್ಕದ್ದು.